ಅಮೆರಿಕದಲ್ಲಿ ಬರದಿಂದ ಹುಲ್ಲುಗಾವಲು ಒಣಗಿದರೆ: ಮೇವು ನಷ್ಟದ ಪರಿಹಾರ ಪಡೆಯುವ ಕ್ರಮ

ಅಮೆರಿಕದಲ್ಲಿ ಜಮೀನು ಕೊಂಡು ದನ, ಕುರಿ, ಆಡು ಸಾಕುತ್ತಿರುವ ಕನ್ನಡಿಗರಿಗಾಗಿ ಮತ್ತು ಆ ಕೆಲಸಕ್ಕೆ ಇಳಿಯುವ ಯೋಚನೆಯಲ್ಲಿರುವವರಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಮಳೆ ಕೈಕೊಟ್ಟು ಹುಲ್ಲುಗಾವಲು ಒಣಗಿದ ವರ್ಷದಲ್ಲಿ ಅಲ್ಲಿನ ಕೇಂದ್ರ ಕೃಷಿ ಇಲಾಖೆಯು ಪಶುಪಾಲಕರಿಗೆ ನಗದು ಪರಿಹಾರ ನೀಡುತ್ತದೆ. ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ, ಚಿಕ್ಕದಾಗಿ ಎಲ್‌ಎಫ್‌ಪಿ, ಎಂಬುದು ಆ ಯೋಜನೆಯ ಹೆಸರು. ಬೆಳೆ ವಿಮೆಯಂತೆ ಇದಕ್ಕೆ ಮುಂಗಡವಾಗಿ ಕಂತು ಕಟ್ಟಬೇಕಾಗಿಲ್ಲ, ಅರ್ಜಿಗೂ ಶುಲ್ಕವಿಲ್ಲ. ಆದರೂ ಅರ್ಹತೆ ಇದ್ದ ಸಣ್ಣ ಹಿಡುವಳಿದಾರರು ಬರಿಗೈಯಲ್ಲಿ ಉಳಿಯುವುದಿದೆ. ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಬರ ಬರುವುದಕ್ಕೆ ಮೊದಲೇ ಸಿದ್ಧವಾಗಿರಬೇಕಾದ ಕಾಗದಪತ್ರಗಳು ಇಲ್ಲದಿರುವುದು.

ಕರ್ನಾಟಕದ ಬರ ಪರಿಹಾರವನ್ನು ಕಂಡವರಿಗೆ ಇಲ್ಲಿನ ಪದ್ಧತಿಯ ಒಂದು ಅಂಶ ಪರಿಚಿತವೆನಿಸುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ಘೋಷಣೆಯ ಘಟಕ ತಾಲ್ಲೂಕಾಗಿತ್ತೇ ಹೊರತು ಒಬ್ಬೊಬ್ಬ ರೈತನ ಹೊಲವಾಗಿರಲಿಲ್ಲ. ಅಮೆರಿಕದಲ್ಲಿ ಆ ಘಟಕ ಕೌಂಟಿ. ವ್ಯತ್ಯಾಸವಿರುವುದು ನೆರವಿನ ಸ್ವರೂಪದಲ್ಲಿ: ನಮ್ಮಲ್ಲಿ ಗೋಶಾಲೆ ಮತ್ತು ಮೇವು ಬ್ಯಾಂಕ್ ತೆರೆದು ಮೇವನ್ನೇ ಒದಗಿಸುತ್ತಾರೆ, ಅಲ್ಲಿ ಮೇವಿನ ವೆಚ್ಚದ ಒಂದು ಪಾಲನ್ನು ಬ್ಯಾಂಕ್ ಖಾತೆಗೆ ಹಾಕುತ್ತಾರೆ.

ಯಾರು ಅರ್ಹರು ಎಂಬುದನ್ನು ಮೊದಲು ನೋಡಿಕೊಳ್ಳಿ

ಅರ್ಜಿದಾರರು ಅಮೆರಿಕದ ಪೌರರಾಗಿರಬೇಕು, ಇಲ್ಲವೇ ಅಲ್ಲಿನ ಕಾಯಂ ನಿವಾಸಿಗಳಾಗಿದ್ದು ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಎಂದು ಕರೆಯುವ ಐ-551 ಕಾರ್ಡನ್ನು ಹೊಂದಿರಬೇಕು. ಎಚ್-1ಬಿ ವೀಸಾದಲ್ಲಿರುವವರು ಜಮೀನು ಕೊಳ್ಳಲು ಅಡ್ಡಿಯಿಲ್ಲದ ರಾಜ್ಯಗಳಲ್ಲಿಯೂ ಆ ವೀಸಾದ ಬಲದಿಂದ ವೈಯಕ್ತಿಕವಾಗಿ ಈ ಪರಿಹಾರ ಪಡೆಯಲಾಗದು ಎಂಬುದನ್ನು ನಮ್ಮವರು ಮೊದಲೇ ತಿಳಿದಿರಬೇಕು. ಹಿಂದಿನ ಮೂರು ತೆರಿಗೆ ವರ್ಷಗಳ ಸರಾಸರಿ ಆದಾಯಕ್ಕೆ 9,00,000 ಡಾಲರ್‌ಗಳ ಮಿತಿಯೂ ಇದೆ. ಆದಾಯದ ಬಹುಪಾಲು ಕೃಷಿಯಿಂದಲೇ ಬರುವವರಿಗೆ 2025ರ ಕಾಯ್ದೆ ಈ ಮಿತಿಯಲ್ಲಿ ವಿನಾಯಿತಿ ನೀಡಿದೆ. ಒಬ್ಬ ವ್ಯಕ್ತಿಗೆ ಒಂದು ವರ್ಷದಲ್ಲಿ ಈ ಯೋಜನೆಯಿಂದ ಸಿಗಬಹುದಾದ ಗರಿಷ್ಠ ಮೊತ್ತ 1,25,000 ಡಾಲರ್.

ಎರಡನೆಯ ಪ್ರಶ್ನೆ ಜಾನುವಾರುಗಳದು. ಮಾಂಸದ ದನ, ಹೈನು ದನ, ಆಡು, ಕುರಿ, ಕುದುರೆ, ಕಾಡೆಮ್ಮೆ ಜಾತಿಯ ಬೈಸನ್, ಜಿಂಕೆ, ಎಲ್ಕ್, ಲಾಮಾ, ಅಲ್ಪಾಕಾ, ಎಮು, ಆಸ್ಟ್ರಿಚ್ ಇವೆಲ್ಲವೂ ಪಟ್ಟಿಯಲ್ಲಿವೆ. ಆದರೆ ಪ್ರಾಣಿಗಳನ್ನು ವಾಣಿಜ್ಯ ಉದ್ದೇಶಕ್ಕಾಗಿ, ಕೃಷಿಯ ಭಾಗವಾಗಿ ಸಾಕಿರಬೇಕು. ಮನೆಯ ಮಕ್ಕಳ ಸವಾರಿಗೆಂದು ಇಟ್ಟ ಕುದುರೆ, ಮುದ್ದಿಗೆ ಸಾಕಿದ ಆಡು, ಪ್ರದರ್ಶನಕ್ಕೆ ಒಯ್ಯುವ ಪ್ರಾಣಿ ಇವು ಲೆಕ್ಕಕ್ಕೆ ಬರುವುದಿಲ್ಲ. ಫೀಡ್‌ಲಾಟಿನಲ್ಲಿ ಕಟ್ಟಿಹಾಕಿ ಕಾಳು ತಿನ್ನಿಸುವ ದನಗಳೂ ಬರುವುದಿಲ್ಲ, ಏಕೆಂದರೆ ಅವು ಹುಲ್ಲುಗಾವಲನ್ನು ಅವಲಂಬಿಸಿರುವುದಿಲ್ಲ.

ಮೂರನೆಯದು ನೆಲ. ಶಾಶ್ವತ ಹುಲ್ಲು ಇರುವ ಸಹಜ ಅಥವಾ ಬೆಳೆಸಿದ ಹುಲ್ಲುಗಾವಲು, ಇಲ್ಲವೇ ಮೇಯಿಸುವುದಕ್ಕೆಂದೇ ಬಿತ್ತಿದ ಗೋಧಿ, ಜೋಳ, ರೈ ಹುಲ್ಲಿನಂಥ ಬೆಳೆ ಇರುವ ಜಮೀನು ಅರ್ಹ. ಅದು ಸ್ವಂತದ್ದಾಗಿರಬಹುದು, ನಗದು ಗುತ್ತಿಗೆಯದ್ದೂ ಆಗಿರಬಹುದು. ನೀರಾವರಿ ಜಮೀನಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ.

ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಜಮೀನಿಗೆ ಕೃಷಿ ತೆರಿಗೆ ದರ ಸಿಗಲೆಂದು, ನಗರದ ಉದ್ಯೋಗದಲ್ಲಿರುವ ಮಾಲೀಕರು ನೆರೆಯ ಪಶುಪಾಲಕನಿಗೆ ತಮ್ಮ ನೆಲದಲ್ಲಿ ದನ ಮೇಯಿಸಲು ಬಿಡುವ ರೂಢಿಯಿದೆ. ಅಂಥ ಮಾಲೀಕರಿಗೆ ಸ್ವಂತ ಜಾನುವಾರು ಇಲ್ಲದ ಕಾರಣ ಪರಿಹಾರದ ಹಕ್ಕು ಇಲ್ಲ. ದನಗಳ ತೂಕ ಎಷ್ಟು ಹೆಚ್ಚಿತೋ ಅದಕ್ಕೆ ತಕ್ಕಂತೆ ಬಾಡಿಗೆ ಕೊಡುವ ಕರಾರಿನಲ್ಲಿ ಬೇರೆಯವರ ನೆಲ ಪಡೆದು ದನ ಮೇಯಿಸುವವರನ್ನೂ ಕಾನೂನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹಕ್ಕು ಇರುವುದು ದನ ಮೇಯಿಸುವವನಿಗೆ, ಅವನ ಬಳಿ ನೆಲದ ಮೇಲೆ ಗುತ್ತಿಗೆಯ ಅಧಿಕಾರವಿದ್ದರೆ ಮಾತ್ರ. ಆದ್ದರಿಂದ ಬಾಯಿಮಾತಿನ ಒಪ್ಪಂದವಿದ್ದರೆ ಅದನ್ನು ಬರಹಕ್ಕೆ ಇಳಿಸಿ, ಎಕರೆ, ಅವಧಿ, ಬಾಡಿಗೆ ಮೂರನ್ನೂ ನಮೂದಿಸಿ ಇಬ್ಬರೂ ಸಹಿ ಮಾಡಿಟ್ಟುಕೊಳ್ಳುವುದು ನೆರೆಯವನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ.

ಬರವನ್ನು ನಿರ್ಧರಿಸುವುದು ನಕ್ಷೆ

ನಿಮ್ಮ ಹುಲ್ಲು ಒಣಗಿದೆಯೇ ಎಂದು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಯು.ಎಸ್. ಡ್ರೌಟ್ ಮಾನಿಟರ್ ಎಂಬ ಬರದ ನಕ್ಷೆಯೇ ಇಲ್ಲಿ ತೀರ್ಪುಗಾರ. ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಬರ ನಿರ್ವಹಣಾ ಕೇಂದ್ರ, ಕೃಷಿ ಇಲಾಖೆ ಮತ್ತು ಸಾಗರ-ವಾತಾವರಣ ಸಂಸ್ಥೆಯಾದ ನೋವಾ ಸೇರಿ 1999ರಿಂದ ಇದನ್ನು ಪ್ರಕಟಿಸುತ್ತಿವೆ. ಮಂಗಳವಾರ ಬೆಳಗಿನವರೆಗಿನ ಮಾಹಿತಿಯನ್ನು ಆಧರಿಸಿ ಪ್ರತಿ ಗುರುವಾರ ಹೊಸ ನಕ್ಷೆ ಹೊರಬರುತ್ತದೆ. ಅದರಲ್ಲಿ ಡಿ0 ಎಂದರೆ ಅಸಹಜ ಒಣಹವೆ, ಡಿ1 ಸಾಧಾರಣ ಬರ, ಡಿ2 ತೀವ್ರ ಬರ, ಡಿ3 ಅತಿ ತೀವ್ರ ಬರ, ಡಿ4 ಎಲ್ಲಕ್ಕಿಂತ ಘೋರವಾದ, ಅಪರೂಪದ ಬರ.

ಪರಿಹಾರವನ್ನು ಮಾಸಿಕ ಕಂತುಗಳ ಲೆಕ್ಕದಲ್ಲಿ ಕೊಡುತ್ತಾರೆ. ಹಿಂದೆ ಡಿ2 ಬರ ಸತತ ಎಂಟು ವಾರ ಇದ್ದರೆ ಮಾತ್ರ ಒಂದು ಕಂತು ದೊರೆಯುತ್ತಿತ್ತು. 2025ರ ಜುಲೈನಲ್ಲಿ ಸಹಿಯಾದ ಕಾಯ್ದೆ ಇದನ್ನು ಸಡಿಲಿಸಿದ್ದು, ಈಗ ಡಿ2 ಸತತ ನಾಲ್ಕು ವಾರ ಇದ್ದರೆ ಒಂದು ಕಂತು, ಎಂಟು ವಾರಗಳ ಪೈಕಿ ಏಳು ವಾರ ಇದ್ದರೆ ಎರಡು ಕಂತು ಸಿಗುತ್ತದೆ. ಡಿ3 ಒಂದೇ ಒಂದು ವಾರ ಕಾಣಿಸಿಕೊಂಡರೂ ಮೂರು ಕಂತು. ಡಿ3 ಒಟ್ಟು ನಾಲ್ಕು ವಾರ ಇದ್ದರೆ, ಅಥವಾ ಡಿ4 ಒಮ್ಮೆ ಬಂದರೆ, ನಾಲ್ಕು ಕಂತು. ಡಿ4 ಒಟ್ಟು ನಾಲ್ಕು ವಾರ ಇದ್ದರೆ ಐದು ಕಂತು, ಅದೇ ಗರಿಷ್ಠ. ಕೊನೆಯ ಎರಡು ಲೆಕ್ಕಗಳಲ್ಲಿ ಆ ನಾಲ್ಕು ವಾರಗಳು ಒಂದರ ಹಿಂದೆ ಒಂದು ಬರಬೇಕೆಂದಿಲ್ಲ.

ಈ ನಿಯಮದಲ್ಲಿ ಎರಡು ಸೂಕ್ಷ್ಮಗಳಿವೆ. ಕೌಂಟಿಯ ಯಾವುದೇ ಒಂದು ಮೂಲೆಯಲ್ಲಿ ಡಿ3 ಬಿದ್ದರೂ ಇಡೀ ಕೌಂಟಿಯ ಪಶುಪಾಲಕರು ಅರ್ಹರಾಗುತ್ತಾರೆ; ಅದೇ ರೀತಿ ಕೌಂಟಿಯ ಗಡಿಯಾಚೆ ನಿಮ್ಮಷ್ಟೇ ಒಣಗಿದ ನೆಲವಿರುವ ನೆರೆಯವನಿಗೆ ಏನೂ ಸಿಗದೆ ಹೋಗಬಹುದು. ನಿಮ್ಮ ಜಮೀನು ಎರಡು ಕೌಂಟಿಗಳಲ್ಲಿ ಹರಡಿದ್ದರೆ ಎರಡನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಮತ್ತೊಂದು, ಬರವು ಆ ಹುಲ್ಲಿನ ಸಾಮಾನ್ಯ ಮೇಯುವ ಕಾಲದಲ್ಲಿಯೇ ಬಂದಿರಬೇಕು. ಪ್ರತಿ ಕೌಂಟಿಯಲ್ಲಿ ಪ್ರತಿ ಬಗೆಯ ಹುಲ್ಲಿಗೂ ಇಷ್ಟು ತಿಂಗಳಿನಿಂದ ಇಷ್ಟು ತಿಂಗಳವರೆಗೆ ಎಂದು ಈ ಅವಧಿಯನ್ನು ಮೊದಲೇ ಗೊತ್ತುಪಡಿಸಿರುತ್ತಾರೆ. ಚಳಿಗಾಲದಲ್ಲಿ ಮೇಯಿಸುವ ಗೋಧಿಯ ಅವಧಿಯೂ ಬೇಸಿಗೆಯ ಸಹಜ ಹುಲ್ಲಿನ ಅವಧಿಯೂ ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದೇ ಜಮೀನಿನ ಒಂದು ತುಂಡಿಗೆ ಪರಿಹಾರ ಬಂದು ಇನ್ನೊಂದಕ್ಕೆ ಬಾರದೆ ಇರುವುದು ಅಪರೂಪವಲ್ಲ. ನಿಮ್ಮ ಕೌಂಟಿಯ ಈ ಅವಧಿಗಳ ಪಟ್ಟಿಯನ್ನು, ಈ ಯೋಜನೆಯನ್ನು ನಡೆಸುವ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ ಎಂಬ ವಿಭಾಗದ ಕಚೇರಿಯಲ್ಲಿ ಕೇಳಿ ಪಡೆದು, ಗುರುವಾರದ ನಕ್ಷೆಯೊಂದಿಗೆ ಹೋಲಿಸಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಯಾವ ವಾರ ನೀವು ಅರ್ಹರಾದಿರಿ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ನಕ್ಷೆ ನಿಮ್ಮ ನೆಲದ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತಿಲ್ಲ ಎನಿಸಿದರೆ ಸುಮ್ಮನಿರಬೇಕಾಗಿಲ್ಲ. ಬರ ನಿರ್ವಹಣಾ ಕೇಂದ್ರವು ಸಾರ್ವಜನಿಕರಿಂದ ನೆಲದ ಸ್ಥಿತಿಯ ವರದಿಗಳನ್ನು ಫೋಟೋ ಸಹಿತ ಸ್ವೀಕರಿಸುತ್ತದೆ; ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಅಳತೆ ಕಳಿಸುವ ಕೊಕೊರಾಸ್ ಎಂಬ ಸ್ವಯಂಸೇವಕ ಜಾಲವೂ ಇದೆ. ನಕ್ಷೆ ಬರೆಯುವ ತಜ್ಞರು ಇವನ್ನು ಇತರ ಮಾಹಿತಿಯ ಜೊತೆಗಿಟ್ಟು ನೋಡುತ್ತಾರೆ. ಗ್ರಾಮೀಣ ಕೌಂಟಿಗಳಲ್ಲಿ ಮಳೆಮಾಪಕಗಳು ದೂರದೂರ ಇರುವುದರಿಂದ ಒಬ್ಬ ರೈತನ ವರದಿಗೂ ತೂಕವಿರುತ್ತದೆ. ವರದಿಯನ್ನು ಮಳೆಯಾದ ವಾರಗಳಲ್ಲಿಯೂ ಕಳಿಸುತ್ತಿದ್ದರೆ ಬರದ ವರದಿಯ ನಂಬಿಕೆ ಹೆಚ್ಚುತ್ತದೆ.

ಬರಕ್ಕೆ ಮೊದಲೇ ಮಾಡಬೇಕಾದ ಕೆಲಸ

ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ನಿಮ್ಮ ಕೌಂಟಿಗೆ ಸಂಬಂಧಿಸಿದ ಫಾರ್ಮ್ ಸರ್ವಿಸ್ ಏಜೆನ್ಸಿಯ ಕಚೇರಿಗೆ ಹೋಗಿ ನಿಮ್ಮ ಜಮೀನನ್ನು ನೋಂದಾಯಿಸಿ ಫಾರ್ಮ್ ಸಂಖ್ಯೆ ಪಡೆಯಿರಿ. ಇದಕ್ಕೆ ಜಮೀನಿನ ಕ್ರಯಪತ್ರ ಅಥವಾ ಗುತ್ತಿಗೆ ಪತ್ರ, ಗುರುತಿನ ಚೀಟಿ, ಸಾಮಾಜಿಕ ಭದ್ರತಾ ಸಂಖ್ಯೆ ಅಥವಾ ಸಂಸ್ಥೆಯ ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ. ಜಮೀನು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಗಾರಿಕೆಯ ಕಂಪನಿಯ, ಹೆಸರಿನಲ್ಲಿದ್ದು ದನಗಳು ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಆಗಲೇ ಹೇಳಿ. ನೆಲದ ಹಕ್ಕುದಾರನೂ ಜಾನುವಾರಿನ ಮಾಲೀಕನೂ ಬೇರೆಬೇರೆಯಾಗಿ ಕಂಡರೆ ಮುಂದೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಅದೇ ಭೇಟಿಯಲ್ಲಿ ತುಂಬಿಬಿಡಬಹುದಾದ ಫಾರಂಗಳು ಕೆಲವಿವೆ. ಕೃಷಿ ವ್ಯವಹಾರದಲ್ಲಿ ಯಾರ ಬಂಡವಾಳ, ಯಾರ ದುಡಿಮೆ ಎಷ್ಟೆಂದು ತಿಳಿಸುವ ಸಿಸಿಸಿ-902, ಆದಾಯ ಮಿತಿಯ ದೃಢೀಕರಣಕ್ಕೆ ಸಿಸಿಸಿ-941, ಸವೆತಕ್ಕೆ ಒಳಗಾಗುವ ಭೂಮಿ ಮತ್ತು ಜೌಗು ಪ್ರದೇಶದ ರಕ್ಷಣೆಯ ನಿಯಮ ಪಾಲಿಸುವುದಾಗಿ ಒಪ್ಪುವ ಎಡಿ-1026, ಸಂಸ್ಥೆಯ ಹೆಸರಿನಲ್ಲಿದ್ದರೆ ಸದಸ್ಯರ ವಿವರಕ್ಕೆ ಸಿಸಿಸಿ-901. ಇವನ್ನು ಬರ ಬಂದ ಮೇಲೆ, ಕಚೇರಿಯ ಮುಂದೆ ಜನ ಸೇರಿರುವಾಗ ತುಂಬುವುದಕ್ಕಿಂತ ಮಳೆ ಚೆನ್ನಾಗಿರುವ ವರ್ಷದಲ್ಲಿಯೇ ತುಂಬಿಡುವುದು ಎಷ್ಟೋ ಮೇಲು.

ಇದರ ನಂತರ ಪ್ರತಿ ವರ್ಷವೂ ಎಕರೆವಾರು ವರದಿ ಕೊಡಬೇಕು. ಎಫ್‌ಎಸ್‌ಎ-578 ಎಂಬ ಈ ವರದಿಯಲ್ಲಿ ಯಾವ ತುಂಡಿನಲ್ಲಿ ಯಾವ ಹುಲ್ಲು, ಎಷ್ಟು ಎಕರೆ, ಮೇಯಿಸಲು ಬಳಸುತ್ತೀರೋ ಒಣಹುಲ್ಲು ಕೊಯ್ಯಲು ಬಳಸುತ್ತೀರೋ ಎಂಬುದನ್ನು ದಾಖಲಿಸುತ್ತಾರೆ. ಒಣಹುಲ್ಲಿಗೆ ಎಂದು ಬರೆಸಿದ ನೆಲಕ್ಕೆ ಮೇವು ನಷ್ಟದ ಪರಿಹಾರ ಕೇಳುವುದು ಕಷ್ಟವಾದ್ದರಿಂದ ಬಳಕೆಯನ್ನು ಇದ್ದದ್ದಿದ್ದಂತೆ ಸರಿಯಾಗಿ ಬರೆಸಿ. ವರದಿಯ ಕೊನೆಯ ದಿನ ಬೆಳೆಯಿಂದ ಬೆಳೆಗೆ, ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ಅದನ್ನು ಕಚೇರಿಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಜಾನುವಾರುಗಳ ಲೆಕ್ಕವಂತೂ ನಿಮ್ಮ ಕೈಯಲ್ಲಿಯೇ ಇರುವ ಕೆಲಸ. ಅರ್ಹತೆ ತಂದ ಬರ ಆರಂಭವಾದ ದಿನಕ್ಕೆ ಹಿಂದಿನ 60 ದಿನಗಳ ಅವಧಿಯಲ್ಲಿ ಆ ಪ್ರಾಣಿಗಳು ನಿಮ್ಮ ಒಡೆತನದಲ್ಲಿ ಅಥವಾ ಗುತ್ತಿಗೆಯಲ್ಲಿ ಇದ್ದುವೆಂದು ತೋರಿಸಬೇಕಾಗುತ್ತದೆ. ಬರ ಶುರುವಾದ ಮೇಲೆ ಅಗ್ಗಕ್ಕೆ ಸಿಕ್ಕವೆಂದು ಕೊಂಡ ದನಗಳು ಇದರಲ್ಲಿ ಸೇರುವುದಿಲ್ಲ. ಕೊಂಡ ರಸೀದಿ, ಸಂತೆಯಲ್ಲಿ ಮಾರಿದ ಚೀಟಿ, ಪಶುವೈದ್ಯರ ಬಿಲ್ಲು, ಸಾಲಕ್ಕೆ ಬ್ಯಾಂಕಿನವರು ಬರೆದುಕೊಂಡ ದನಗಳ ಪಟ್ಟಿ, ಆದಾಯ ತೆರಿಗೆಯ ಕೃಷಿ ಅನುಬಂಧ, ಕರು ಹಾಕಿದ ದಿನಗಳ ಪುಸ್ತಕ ಇವೆಲ್ಲವೂ ಪುರಾವೆಯಾಗುತ್ತವೆ. ತಿಂಗಳಿಗೊಮ್ಮೆ ವಯಸ್ಸು, ಜಾತಿ, ಸಂಖ್ಯೆ ಬರೆದು ದಿನಾಂಕ ಹಾಕಿದ ಸರಳ ಪುಸ್ತಕವೂ ಇವುಗಳ ಜೊತೆ ಸೇರಿದಾಗ ಬಹಳ ಉಪಯೋಗಕ್ಕೆ ಬರುತ್ತದೆ. ಮೇವಿಲ್ಲದೆ ದನ ಮಾರಬೇಕಾಗಿ ಬಂದರೆ ಮಾರಿದ ಚೀಟಿಯನ್ನು ಜೋಪಾನವಾಗಿಡಿ. ಹಿಂದಿನ ಎರಡು ವರ್ಷಗಳಲ್ಲಿ ಬರದ ಕಾರಣಕ್ಕೆ ಮಾರಿದ ಜಾನುವಾರುಗಳಿಗೂ ಮಾಸಿಕ ದರದ ಶೇಕಡಾ 80ರಷ್ಟನ್ನು ಲೆಕ್ಕ ಹಾಕಿ ಕೊಡುವ ಅವಕಾಶವಿದೆ.

ದಾಖಲೆಯ ಬೆಲೆ ಏನೆಂಬುದನ್ನು ಈ ಯೋಜನೆಯ ಇತಿಹಾಸವೇ ತೋರಿಸಿದೆ. 2008ರ ಕೃಷಿ ಕಾಯ್ದೆಯಲ್ಲಿ ಆರಂಭವಾದ ಇದರ ಅಧಿಕಾರ 2011ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಯಿತು. ಮರುವರ್ಷ, 2012ರಲ್ಲಿ, ದೇಶದ ಬಹುಭಾಗವನ್ನು ಭೀಕರ ಬರ ಆವರಿಸಿದಾಗ ಪಶುಪಾಲಕರಿಗೆ ಕೊಡಲು ಯೋಜನೆಯೇ ಇರಲಿಲ್ಲ. ಮುಂದೆ 2014ರ ಕೃಷಿ ಕಾಯ್ದೆ ಇದನ್ನು ಶಾಶ್ವತಗೊಳಿಸಿ, 2011ರ ಅಕ್ಟೋಬರ್ 1ರಿಂದ ಆದ ನಷ್ಟಗಳಿಗೂ ಪೂರ್ವಾನ್ವಯವಾಗಿ ಪರಿಹಾರ ಕೊಟ್ಟಿತು. ಅರ್ಜಿ ಸ್ವೀಕಾರ ಆರಂಭವಾದದ್ದು 2014ರ ಏಪ್ರಿಲ್ 15ರಂದು. ಎರಡು ವರ್ಷಕ್ಕೂ ಹಿಂದಿನ ದನಗಳ ಸಂಖ್ಯೆಯನ್ನು, ಮಾರಾಟವನ್ನು, ಗುತ್ತಿಗೆಯನ್ನು ಕಾಗದದಲ್ಲಿ ತೋರಿಸಬಲ್ಲವರಿಗೆ ಆಗ ಆ ಹಣ ಸುಲಭವಾಗಿ ದಕ್ಕುವಂತಿತ್ತು.

ಎಷ್ಟು ಹಣ ಬರಬಹುದು

ಲೆಕ್ಕದ ತಿರುಳು ಹೀಗಿದೆ. ಒಂದು ಬೆಳೆದ ಮಾಂಸದ ಹಸುವಿಗೆ ದಿನಕ್ಕೆ 15.7 ಪೌಂಡ್ ಮೆಕ್ಕೆಜೋಳಕ್ಕೆ ಸಮನಾದ ಮೇವು ಬೇಕೆಂದು ಕಾನೂನು ಇಟ್ಟುಕೊಂಡಿದೆ. ಒಂದು ಬುಶೆಲ್ ಎಂದರೆ 56 ಪೌಂಡ್. ಮೆಕ್ಕೆಜೋಳದ ರಾಷ್ಟ್ರೀಯ ಸರಾಸರಿ ಬೆಲೆಯನ್ನು ತೆಗೆದುಕೊಂಡು 30 ದಿನದ ಮೇವಿನ ವೆಚ್ಚ ಕಂಡುಹಿಡಿಯುತ್ತಾರೆ, ಅದರ ಶೇಕಡಾ 60ರಷ್ಟು ಒಂದು ಮಾಸಿಕ ಕಂತು. ಆಡು ಮತ್ತು ಕುರಿಗಳನ್ನು ಹಸುವಿನ ಕಾಲುಭಾಗವೆಂದು ಪರಿಗಣಿಸುತ್ತಾರೆ.

ಉದಾಹರಣೆಗೆ, ಬುಶೆಲಿಗೆ 5 ಡಾಲರ್ ಬೆಲೆಯಿದೆ ಎಂದು ಭಾವಿಸೋಣ. ಆಗ ಒಂದು ಹಸುವಿನ ತಿಂಗಳ ಮೇವಿನ ವೆಚ್ಚ ಸುಮಾರು 42 ಡಾಲರ್, ಅದರ ಶೇಕಡಾ 60 ಎಂದರೆ ಸುಮಾರು 25 ಡಾಲರ್. ನಿಮ್ಮಲ್ಲಿ 40 ಹಸುಗಳಿದ್ದರೆ ತಿಂಗಳಿಗೆ ಸುಮಾರು 1,000 ಡಾಲರ್ ಬರಬೇಕು ಎನಿಸುತ್ತದೆ. ಆದರೆ ಇಲ್ಲಿ ಇನ್ನೊಂದು ಲೆಕ್ಕವಿದೆ. ನಿಮ್ಮ ಕೌಂಟಿಯಲ್ಲಿ ಒಂದು ಹಸುವಿಗೆ 10 ಎಕರೆ ಹುಲ್ಲುಗಾವಲು ಬೇಕೆಂದು ನಿಗದಿಯಾಗಿದ್ದು ನಿಮ್ಮ ಬಳಿ ಇರುವುದು 300 ಎಕರೆಯಾದರೆ, ಆ ನೆಲ 30 ಹಸುಗಳನ್ನು ಮಾತ್ರ ಸಾಕಬಲ್ಲದು ಎಂದಾಗುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯುವುದರಿಂದ ನಿಮ್ಮ ಮಾಸಿಕ ಕಂತು ಸುಮಾರು 757 ಡಾಲರ್ ಆಗುತ್ತದೆ. ಕೌಂಟಿಯಲ್ಲಿ ಡಿ3 ಬಿದ್ದು ಮೂರು ಕಂತು ಸಿಕ್ಕರೆ ಒಟ್ಟು ಸುಮಾರು 2,270 ಡಾಲರ್. ನೆಲದ ಶಕ್ತಿಗೆ ಮೀರಿ ದನ ಸಾಕಿದರೆ ಪರಿಹಾರವೂ ಬಾರದು ಎಂಬ ಈ ನಿಯಮವನ್ನು ನಾನು ನ್ಯಾಯವಾದದ್ದೆಂದೇ ಭಾವಿಸುತ್ತೇನೆ. ಗುತ್ತಿಗೆಯ ಎಕರೆಗಳನ್ನು ವರದಿಯಲ್ಲಿ ಸೇರಿಸಲು ಮರೆತವರು ಈ ಎರಡನೆಯ ಲೆಕ್ಕದಲ್ಲಿಯೇ ಹಣ ಕಳೆದುಕೊಳ್ಳುತ್ತಾರೆ.

ಈ ಮೊತ್ತ ಇಡೀ ನಷ್ಟವನ್ನು ತುಂಬುವುದಿಲ್ಲ, ತುಂಬಲೆಂದು ಮಾಡಿದ್ದೂ ಅಲ್ಲ. ಹಾಗೆಂದು ಸಣ್ಣ ಮೊತ್ತಕ್ಕೆ ಅರ್ಜಿ ಏಕೆ ಎಂದು ಬಿಟ್ಟುಬಿಡಬೇಡಿ. 2021ರ ಬರಕ್ಕೂ, ಅನಂತರ 2023 ಮತ್ತು 2024ರ ಬರಗಳಿಗೂ ಅಮೆರಿಕದ ಕಾಂಗ್ರೆಸ್ ಹೆಚ್ಚುವರಿ ಪರಿಹಾರ ಮಂಜೂರು ಮಾಡಿದಾಗ, ಕೃಷಿ ಇಲಾಖೆ ಅದನ್ನು ಹಂಚಿದ್ದು ಆಯಾ ವರ್ಷ ಎಲ್‌ಎಫ್‌ಪಿ ಅರ್ಜಿ ಮಂಜೂರಾದವರ ದಾಖಲೆಗಳನ್ನು ಆಧರಿಸಿಯೇ.

ಅರ್ಜಿ ಸಲ್ಲಿಸುವಾಗ

ಕೌಂಟಿ ಅರ್ಹವಾಯಿತು ಎಂದು ತಿಳಿದ ಕೂಡಲೇ ಕಚೇರಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ತುಂಬಬೇಕಾದ ಮುಖ್ಯ ಅರ್ಜಿ ಸಿಸಿಸಿ-853. ಜಾನುವಾರುಗಳ ಬಗೆ ಮತ್ತು ಸಂಖ್ಯೆ, ಮಾರಿದವುಗಳ ವಿವರ, ಮೇಯಿಸುವ ನೆಲ ಇವನ್ನು ಅದರಲ್ಲಿ ತುಂಬಿ, ಪುರಾವೆಗಳ ಪ್ರತಿಗಳನ್ನು ಲಗತ್ತಿಸಬೇಕು. ಅರ್ಜಿಯ ಕೊನೆಯ ದಿನ ನಷ್ಟವಾದ ವರ್ಷ ಮುಗಿದ ಮೇಲೆ, ಮುಂದಿನ ವರ್ಷದ ಆರಂಭದಲ್ಲಿ ಬರುತ್ತದೆ. ಆದರೆ ಅಲ್ಲಿಯವರೆಗೆ ಕಾಯುವುದರಿಂದ ಲಾಭವಿಲ್ಲ. ಅರ್ಜಿ ಕೊಟ್ಟ ಮೇಲೆ ಬರ ಇನ್ನೂ ತೀವ್ರವಾಗಿ ಹೆಚ್ಚಿನ ಕಂತುಗಳಿಗೆ ಕೌಂಟಿ ಅರ್ಹವಾದರೆ ನಿಮ್ಮ ಅರ್ಜಿಗೂ ಅದು ಸೇರಿತೇ ಎಂದು ಕಚೇರಿಯಲ್ಲಿ ವಿಚಾರಿಸಿ. ಕೊಟ್ಟ ಪ್ರತಿಯೊಂದು ಕಾಗದದ ಮೇಲೂ ಸ್ವೀಕೃತಿಯ ದಿನಾಂಕದ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಮನೆಗೆ ತನ್ನಿ.

ಬರವಲ್ಲ, ಬೆಂಕಿಯಾದರೆ

ಕಾಳ್ಗಿಚ್ಚಿನ ವಿಷಯದಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಎಲ್‌ಎಫ್‌ಪಿ ಬೆಂಕಿಯ ನಷ್ಟಕ್ಕೆ ಪರಿಹಾರ ಕೊಡುವುದು ಕೇಂದ್ರ ಸರ್ಕಾರದ ನಿರ್ವಹಣೆಯಲ್ಲಿರುವ ಭೂಮಿಯಲ್ಲಿ ನಿಮಗೆ ಮೇಯಿಸುವ ಪರವಾನಗಿ ಇದ್ದು, ಬೆಂಕಿಯ ಕಾರಣ ಅಲ್ಲಿಗೆ ದನ ಬಿಡದಂತೆ ಅಧಿಕಾರಿಗಳು ತಡೆದಾಗ ಮಾತ್ರ. ಆಗ ತಡೆದಷ್ಟು ದಿನಗಳಿಗೆ, ಗರಿಷ್ಠ 180 ದಿನಗಳವರೆಗೆ, ಮೇವಿನ ವೆಚ್ಚದ ಶೇಕಡಾ 50ರಷ್ಟು ಸಿಗುತ್ತದೆ. ಖಾಸಗಿ ಹುಲ್ಲುಗಾವಲು ಸುಟ್ಟರೆ ದಾರಿ ಬೇರೆ. 2024ರ ಫೆಬ್ರವರಿ ಕೊನೆಯಲ್ಲಿ ಟೆಕ್ಸಾಸ್‌ನ ಪ್ಯಾನ್‌ಹ್ಯಾಂಡಲ್ ಪ್ರದೇಶದಲ್ಲಿ ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಅಂಥ ಖಾಸಗಿ ನೆಲದ ಮೇವಿನ ನಷ್ಟಕ್ಕೆ ಎಲಾಪ್ ಎಂಬ ತುರ್ತು ನೆರವು ಯೋಜನೆ, ಸತ್ತ ಜಾನುವಾರುಗಳಿಗೆ ಎಲ್‌ಐಪಿ, ಸುಟ್ಟ ಬೇಲಿಗೆ ತುರ್ತು ಸಂರಕ್ಷಣಾ ಯೋಜನೆಯಾದ ಇಸಿಪಿ ಇವೆ. ಬರದ ಕಾಲದಲ್ಲಿ ದನಗಳಿಗೆ ದೂರದಿಂದ ನೀರು ಹೊರುವ, ಮೇವು ಸಾಗಿಸುವ ಹೆಚ್ಚುವರಿ ವೆಚ್ಚಕ್ಕೂ ಎಲಾಪ್‌ನಲ್ಲಿ ಅವಕಾಶವಿರುವುದರಿಂದ ಟ್ಯಾಂಕರ್ ಮತ್ತು ಲಾರಿ ಸಾಗಾಟದ ಮೈಲಿ, ದಿನ, ಪ್ರಮಾಣಗಳನ್ನು ಬರೆದಿಡಿ. ಆದರೆ ಒಂದೇ ನಷ್ಟಕ್ಕೆ ಎರಡು ಕಡೆ ಪರಿಹಾರ ಕೇಳುವಂತಿಲ್ಲ.

ಅರ್ಜಿ ತಿರಸ್ಕೃತವಾದರೆ

ನಿರಾಕರಣೆಯ ಪತ್ರ ಬಂದ ದಿನಾಂಕವನ್ನು ಮೊದಲು ಬರೆದುಕೊಳ್ಳಿ, ಏಕೆಂದರೆ ಮೇಲ್ಮನವಿಗೆ ಸಿಗುವುದು 30 ದಿನ. ಸ್ಥಳೀಯ ರೈತರೇ ಚುನಾಯಿಸುವ ಕೌಂಟಿ ಸಮಿತಿಯ ಮುಂದೆ ಮರುಪರಿಶೀಲನೆ ಕೇಳಬಹುದು, ರಾಜ್ಯ ಸಮಿತಿಗೆ ಹೋಗಬಹುದು, ಮಧ್ಯಸ್ಥಿಕೆ ಕೋರಬಹುದು, ಅಥವಾ ಕೃಷಿ ಇಲಾಖೆಯ ಸ್ವತಂತ್ರ ಮೇಲ್ಮನವಿ ವಿಭಾಗಕ್ಕೆ ಅರ್ಜಿ ಹಾಕಬಹುದು. ನಕ್ಷೆಯಲ್ಲಿ ಕೌಂಟಿಗೆ ಡಿ2 ಏಕೆ ಬರಲಿಲ್ಲ, ಒಂದು ಹಸುವಿಗೆ 10 ಎಕರೆ ಎಂದು ಏಕೆ ನಿಗದಿ ಮಾಡಿದರು ಎಂಬಂಥ, ಎಲ್ಲರಿಗೂ ಒಂದೇ ಆಗಿ ಅನ್ವಯವಾಗುವ ವಿಷಯಗಳ ಮೇಲೆ ಮೇಲ್ಮನವಿ ನಡೆಯುವುದಿಲ್ಲ. ನಿಮ್ಮ ದನಗಳ ಸಂಖ್ಯೆಯನ್ನು ತಪ್ಪಾಗಿ ಹಿಡಿದಿದ್ದರೆ, ಗುತ್ತಿಗೆ ಪತ್ರವನ್ನು ಪರಿಗಣಿಸದೆ ಬಿಟ್ಟಿದ್ದರೆ, ಮುದ್ರೆ ಹಾಕಿಸಿಕೊಂಡ ಕಾಗದ ಕಡತದಲ್ಲಿ ಇಲ್ಲವೆಂದು ಹೇಳಿದ್ದರೆ ಮೇಲ್ಮನವಿಗೆ ಬಲವಿರುತ್ತದೆ, ಮತ್ತು ಇಂಗ್ಲಿಷಿನಲ್ಲಿ ಕಾನೂನಿನ ಭಾಷೆ ಬರೆಯಲು ಹಿಂಜರಿಯುವವರು ಏನಾಯಿತೆಂಬುದನ್ನು ದಿನಾಂಕಗಳ ಕ್ರಮದಲ್ಲಿ ಸರಳವಾಗಿ ಬರೆದು ಪುರಾವೆಗಳನ್ನು ಜೋಡಿಸಿ ಕಳಿಸಿದರೆ ಸಾಕಾಗುತ್ತದೆ.

ಬಂದ ಪರಿಹಾರ ತೆರಿಗೆಗೆ ಒಳಪಡುವ ಆದಾಯ. ಅದರ ವಿವರ ವರ್ಷ ಮುಗಿದ ಮೇಲೆ 1099-ಜಿ ಫಾರಂನಲ್ಲಿ ಬರುತ್ತದೆ. ಅದನ್ನು ನಿಮ್ಮ ತೆರಿಗೆ ಲೆಕ್ಕಿಗರಿಗೆ ತಪ್ಪದೆ ಕೊಡಿ, ಮತ್ತು ಬರದಿಂದ ಬಲವಂತವಾಗಿ ದನ ಮಾರಿದ್ದರೆ ಆ ಲಾಭದ ಮೇಲಿನ ತೆರಿಗೆಯನ್ನು ಮುಂದೂಡುವ ಅವಕಾಶ ನಿಮಗೆ ಅನ್ವಯಿಸುವುದೇ ಎಂದು ಅದೇ ವೇಳೆ ಕೇಳಿ.